ಆರ್15 ಬಿಟ್ಟು ಆರ್‌ಸಿ 390 ತಗೊಂಡೆ, ಲ್ಯಾಪ್ ಟೈಮ್ ಇಳಿಯುತ್ತಿಲ್ಲ. ಮಾರಿಬಿಡಲಾ?

ಮಾರಬೇಡಿ. ಈ ಸೀಸನ್ ಮುಗಿಯುವ ತನಕವಾದರೂ ಇಟ್ಟುಕೊಳ್ಳಿ.

ನೀವು ಬರೆದಿರುವುದನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಊರು ಮಂಡ್ಯ. ಯಮಹಾ ಆರ್15ನಲ್ಲಿ ಟ್ರ್ಯಾಕ್ ಕಲಿತಿರಿ, ಹೊಸಬರಿಗಿರುವ ನೋವಿಸ್ ರೇಸೂ ಓಡಿಸಿದಿರಿ. ಈಗ ಕೆಟಿಎಂ ಆರ್‌ಸಿ 390ಕ್ಕೆ ಬಂದಿದ್ದೀರಿ. ನೇರ ರಸ್ತೆಯಲ್ಲಿ ಗಾಡಿ ಹಾರುತ್ತದೆ, ಆದರೆ ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು, ಮುಗಿದಾಗ ಗಡಿಯಾರ ಹಳೇ ಬೈಕಿನ ಹತ್ತಿರಹತ್ತಿರವೇ ತೋರಿಸುತ್ತದೆ. ತಪ್ಪು ಬೈಕ್ ತಗೊಂಡೆನಾ ಅನ್ನುವ ಅನುಮಾನ.

ನಾನು ಮೈಸೂರಿನವನು. ಇದೇ ಬೈಕಿನಿಂದ ಇದೇ ಬೈಕಿಗೆ ಬಂದು ಒಂದು ಪೂರ್ತಿ ಸೀಸನ್ ಅದನ್ನು ಕಲಿಯುವುದರಲ್ಲೇ ಕಳೆದವನು. ವಾರವೆಲ್ಲ ಕೆಲಸ, ರಜಾ ಸಿಕ್ಕಾಗ ರೇಸು, ಖರ್ಚು ಪೂರ್ತಿ ಕೈಯಿಂದ. ನನಗೆ ಗೊತ್ತಾಗಿದ್ದನ್ನು ಒಂದೇ ಮಾತಲ್ಲಿ ಹೇಳಬೇಕು ಅಂದರೆ, ಈ ಬೈಕಿನಲ್ಲಿ ಕಲಿಯಬೇಕಾಗಿರುವುದು ಆಕ್ಸಿಲರೇಟರ್ ತಿರುಗಿಸುವುದನ್ನಲ್ಲ, ಬ್ರೇಕ್ ಬಿಡುವುದನ್ನು. ಹಾಕುವುದನ್ನಲ್ಲ, ಬಿಡುವುದನ್ನು.

ಯಾಕೆ ಅಂತ ನೋಡಿ. ಆರ್15 ಅಂದರೆ 155 ಸಿಸಿ, ಸುಮಾರು 18 ಪಿಎಸ್ (ಅಶ್ವಶಕ್ತಿ), ತೂಕ 142 ಕೆಜಿ ಆಸುಪಾಸು. ಆರ್‌ಸಿ 390 ಅಂದರೆ 373 ಸಿಸಿ, 43.5 ಪಿಎಸ್, 172 ಕೆಜಿ. ತೂಕ 30 ಕೆಜಿ ಜಾಸ್ತಿಯಾಯಿತು, ಶಕ್ತಿ ಎರಡರಷ್ಟಕ್ಕಿಂತ ಜಾಸ್ತಿಯಾಯಿತು. ಚಿಕ್ಕ ಬೈಕಿನಲ್ಲಿ ಒಮ್ಮೆ ಕಳೆದುಕೊಂಡ ವೇಗ ಮತ್ತೆ ಬರಲು ತುಂಬ ಹೊತ್ತು ಬೇಕು. ಹಾಗಾಗಿ ನಾವು ಬ್ರೇಕನ್ನು ಮುಟ್ಟಿದ ಹಾಗೆ ಮಾಡಿ, ತಿರುವನ್ನು ದೊಡ್ಡದಾಗಿ, ದುಂಡಗೆ ಸುತ್ತಿ, ವೇಗ ಇಳಿಯದಂತೆ ನೋಡಿಕೊಳ್ಳುವುದನ್ನು ಕಲಿತಿರುತ್ತೇವೆ. ಒಳ್ಳೆಯ ಅಭ್ಯಾಸವೇ. ಆದರೆ ಹೊಸ ಗಾಡಿ ಅದೇ ತಿರುವಿಗೆ ನಿಮ್ಮನ್ನು ಬೇರೆಯದೇ ವೇಗದಲ್ಲಿ ತಂದು ನಿಲ್ಲಿಸುತ್ತದೆ.

ಲೆಕ್ಕ ಹಾಕಿ. ಗಂಟೆಗೆ 120ರಲ್ಲಿ ಬಂದು 70ಕ್ಕೆ ಇಳಿಸಬೇಕು, ಜೋರಾಗಿಯೇ ಬ್ರೇಕ್ ಹಾಕಿದಿರಿ ಅಂದುಕೊಳ್ಳಿ. ಸುಮಾರು 40 ಮೀಟರ್ ಬೇಕು. 150ರಲ್ಲಿ ಬಂದು ಅದೇ 70ಕ್ಕೆ, ಅದೇ ಜೋರಿನಲ್ಲಿ ಹಾಕಿದರೆ? ಸುಮಾರು 75 ಮೀಟರ್. ವೇಗ ಹೆಚ್ಚಿದ್ದು ಕಾಲು ಭಾಗ, ದೂರ ಹೆಚ್ಚಿದ್ದು ಹೆಚ್ಚುಕಡಿಮೆ ಎರಡು ಪಟ್ಟು. 150ರಲ್ಲಿ ಒಂದು ಸೆಕೆಂಡಿಗೆ 41 ಮೀಟರ್ ದಾಟಿರುತ್ತೀರಿ. ಕಣ್ಣಿಗೆ ಇದು ಒಗ್ಗಿರುವುದಿಲ್ಲ. ಗಾಬರಿಗೆ ಬೇಗ ಬ್ರೇಕ್ ಹಿಡಿಯುತ್ತೇವೆ, ಬೇಕಾದ್ದಕ್ಕಿಂತ ಜಾಸ್ತಿ ಹಿಡಿಯುತ್ತೇವೆ, ತಿರುವು ಇನ್ನೂ ಶುರುವಾಗುವ ಮೊದಲೇ ಪಟಕ್ ಅಂತ ಬಿಟ್ಟುಬಿಡುತ್ತೇವೆ. ನೇರದಲ್ಲಿ ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ನಿಮ್ಮ ಗಡಿಯಾರ ತೋರಿಸುತ್ತಿರುವುದು ಇದನ್ನೇ.

ಬ್ರೇಕ್ ಬಿಡುವಾಗ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಹಿಡಿದಾಗ ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆ, ಅಂದರೆ ಫೋರ್ಕ್, ಒಳಗೆ ಹೋಗುತ್ತದೆ, ಗಾಡಿಯ ಮೂಗು ಇಳಿಯುತ್ತದೆ. ಭಾರ ಮುಂದಿನ ಟೈರಿನ ಮೇಲೆ ಕೂತು, ಟೈರು ರಸ್ತೆಗೆ ಅಗಲವಾಗಿ ಅಂಟಿಕೊಳ್ಳುತ್ತದೆ. ಮೂಗು ಇಳಿದಾಗ ಫೋರ್ಕು ಸ್ವಲ್ಪ ನೆಟ್ಟಗಾಗುತ್ತದೆ, ಆಗ ಗಾಡಿ ಸಲೀಸಾಗಿ ತಿರುಗುತ್ತದೆ. ಅಂದರೆ ಬೈಕು ತಿರುಗಲು ಅತ್ಯಂತ ತಯಾರಾಗಿರುವ ಗಳಿಗೆ ಅದು. ಅಷ್ಟರಲ್ಲಿ ಲಿವರನ್ನು ಒಮ್ಮೆಲೇ ಬಿಟ್ಟರೆ ಫೋರ್ಕು ಚಿಮ್ಮಿ ಮೇಲೆ ಬರುತ್ತದೆ, ಮುಂದಿನ ಭಾರ ಹೋಗುತ್ತದೆ, ಗಾಡಿ ತಿರುವಿನ ಹೊರಗೆ ತೇಲಿಕೊಂಡು ಹೋಗುತ್ತದೆ. ಅದು ಒಳಗೆ ಬರಲಿ ಅಂತ ಕಾಯುತ್ತಾ ಕೂರಬೇಕು. ಆ ಕಾಯುವುದೇ ನಿಮ್ಮ ಲ್ಯಾಪ್ ಟೈಮ್.

ಸರಿಯಾಗಿ ಬಿಡುವುದು ಅಂದರೆ ಹೀಗೆ: ಗಾಡಿ ವಾಲುತ್ತಾ ಹೋದ ಹಾಗೆ ಬೆರಳು ಸಡಿಲವಾಗುತ್ತಾ ಹೋಗಬೇಕು. ಪೂರ್ತಿ ವಾಲಿದಾಗ ಲಿವರ್ ಮೇಲೆ ಬೆರಳಿನ ತೂಕ ಬಿಟ್ಟರೆ ಇನ್ನೇನೂ ಇರಬಾರದು. ಟೈರಿನ ಹಿಡಿತ ಅನ್ನುವುದು ತಿಂಗಳ ಸಂಬಳ ಇದ್ದ ಹಾಗೆ. ಬಾಡಿಗೆಯೂ ಅದರಲ್ಲೇ, ದಿನಸಿಯೂ ಅದರಲ್ಲೇ. ವಾಲುವುದಕ್ಕೆ ಜಾಸ್ತಿ ಕೊಟ್ಟರೆ ಬ್ರೇಕಿಗೆ ಕಡಿಮೆ ಉಳಿಯುತ್ತದೆ. ವಾಲಿಕೊಂಡೇ ಬ್ರೇಕ್ ಒತ್ತುವುದನ್ನು ಹೆಚ್ಚಿಸಿದರೆ ಮುಂದಿನ ಚಕ್ರ ಜಾರಿ ಬೀಳುತ್ತೀರಿ. ಆ ಹೊತ್ತಿನಲ್ಲಿ ಬೆರಳಿಗೆ ಇರುವುದು ಒಂದೇ ದಿಕ್ಕು, ಬಿಡುವ ದಿಕ್ಕು.

ಇದನ್ನು ಕಲಿಯಲು ಟ್ರ್ಯಾಕೇ ಬೇಕು ಅಂತಿಲ್ಲ. ಮನೆಯಲ್ಲಿರುವ ಯಾವ ಬೈಕಾದರೂ ಆಗುತ್ತದೆ. ಮೈಸೂರಿನ ಸುತ್ತ ಮನೆ ಏಳದ ಹೊಸ ಲೇಔಟುಗಳು ಎಷ್ಟಿವೆ ಹೇಳಿ! ಅಂಥ ಕಡೆ ಬೆಳಿಗ್ಗೆ ಹೋಗಿ ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. 40ರಲ್ಲಿ ಬಂದು ಮುಂದಿನ ಬ್ರೇಕಿನಲ್ಲಿ ಗೆರೆಗೆ ಸರಿಯಾಗಿ ನಿಲ್ಲಿಸಿ. ನಿಂತ ಕ್ಷಣದಲ್ಲಿ ಫೋರ್ಕು ಮೇಲೆ ಪುಟಿಯಬಾರದು, ತಲೆ ಹಿಂದಕ್ಕೆ ಜೋಲಿ ಹೊಡೆಯಬಾರದು. ಕೊನೆಯ ಎರಡು ಮೀಟರಿನಲ್ಲಿ ಬೆರಳು ಎಷ್ಟು ಮೆತ್ತಗೆ ಬಿಡುತ್ತದೋ ನೋಡಿ. ಸುಮ್ನೆ ಹೇಳುತ್ತಿಲ್ಲ, ಸೀಸನ್‌ನ ಮೊದಲರ್ಧದಲ್ಲಿ ನನಗೆ ಟ್ರ್ಯಾಕಿಗಿಂತ ಜಾಸ್ತಿ ಕಲಿಸಿದ್ದು ಈ ಗೆರೆ. ಟ್ರ್ಯಾಕಿಗೆ ಹೋದಾಗ ಲ್ಯಾಪ್ ಟೈಮರನ್ನು ಆಫ್ ಮಾಡಿಡುತ್ತಿದ್ದೆ. ಬ್ರೇಕ್ ಹಿಡಿಯುವ ಗುರುತು ಮೊದಲು ಬೇಗ ಇಟ್ಟುಕೊಂಡು, ಬಿಡುವುದು ಚೆಂದ ಬಂದ ಮೇಲೆ ಒಂದೊಂದು ಮಾರು ಮುಂದಕ್ಕೆ ಸರಿಸಿದೆ.

ಆಮೇಲೆ ಲೈನು, ಅಂದರೆ ತಿರುವಿನಲ್ಲಿ ಗಾಡಿ ಹಿಡಿಯುವ ದಾರಿ. ನಿಧಾನದ ತಿರುವುಗಳಲ್ಲಿ ಹಳೇ ದುಂಡನೆಯ ಲೈನ್ ಬಿಡಿ. ನೇರವಾಗಿ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ, ತಡವಾಗಿ, ಒಂದೇ ಸಲಕ್ಕೆ ಚುರುಕಾಗಿ ತಿರುಗಿಸಿ, ಗಾಡಿಯನ್ನು ಬೇಗ ನೆಟ್ಟಗೆ ನಿಲ್ಲಿಸಿ. 43 ಪಿಎಸ್ ಕೆಲಸಕ್ಕೆ ಬರುವುದು ಗಾಡಿ ನೆಟ್ಟಗಿದ್ದಾಗ. ಆದರೆ ವೇಗದ ತಿರುವುಗಳಲ್ಲಿ ಆರ್15 ಕಲಿಸಿದ್ದೇ ಸರಿ. ಚೆನ್ನೈ ಟ್ರ್ಯಾಕಿನಲ್ಲಿ ಮುಖ್ಯ ನೇರದ ಕೊನೆಗೆ ಬರುವ ಸಿ-ಒನ್ ಇದೆಯಲ್ಲ, ವೇಗದ ಬಲ ತಿರುವು, ಅಲ್ಲಿ ಹಳೇ ಅಭ್ಯಾಸ ಇಟ್ಟುಕೊಂಡವನೇ ಗೆಲ್ಲುವುದು.

ಎಲ್ಲಿ ಓಡಿಸಿ ಹೋಲಿಸುತ್ತಿದ್ದೀರಿ ಅನ್ನುವುದೂ ಮುಖ್ಯ. ನೀವು ಬರೆದಿಲ್ಲ, ಆದರೆ ಕೋಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಅಂತ ನನ್ನ ಊಹೆ, ನಮ್ಮ ಕಡೆಯವರಿಗೆ ಅದೇ ಹತ್ತಿರ ಅಲ್ವಾ. ಅದು ಎರಡು ಕಿಲೋಮೀಟರಿಗೆ ಸ್ವಲ್ಪ ಮೇಲಿರುವ ಚಿಕ್ಕ ಟ್ರ್ಯಾಕು. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಅಲ್ಲಿ ಚೆನ್ನಾಗಿ ಓಡಿಸುವ ಆರ್15 ಹುಡುಗರು 390ಯ ಬೆನ್ನಿಗೇ ಇರುತ್ತಾರೆ. ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿರುವ ಚೆನ್ನೈ ಟ್ರ್ಯಾಕು 3.7 ಕಿಲೋಮೀಟರ್. ದೊಡ್ಡ ಬೈಕಿಗೆ ಉಸಿರಾಡಲು ಜಾಗ ಇರುವುದು ಅಲ್ಲಿ. ಅಲ್ಲಿನ ಟೈಮ್ ನೋಡದೆ ಬೈಕ್ ಮಾರುವ ಮಾತು ಆಡಬೇಡಿ.

ಗೇರಿನ ಬಗ್ಗೆಯೂ ಒಂದು ಮಾತು. ಆರ್15 ಪೂರ್ತಿ ಶಕ್ತಿ ಕೊಡುವುದು 10,000 ಆರ್‌ಪಿಎಂನಲ್ಲಿ. ಅದನ್ನು ಯಾವಾಗಲೂ ಕಿರುಚಿಸಿಕೊಂಡೇ ಓಡಿಸಬೇಕು. 390ಯ ಎಳೆತ 7,000ಕ್ಕೇ ತುದಿ ಮುಟ್ಟುತ್ತದೆ, ಶಕ್ತಿ 9,000ಕ್ಕೆ. ಹಳೇ ಕಿವಿ ಇಟ್ಟುಕೊಂಡು ಎಲ್ಲ ತಿರುವಿಗೂ ಎರಡನೇ ಗೇರಿಗೆ ಇಳಿಸಿದರೆ ಇಂಜಿನ್ನೇ ಹಿಂದಿನಿಂದ ಎಳೆದು ಹಿಡಿಯುತ್ತದೆ, ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಜರ್ಕ್ ಹೊಡೆಯುತ್ತದೆ. ಅನುಮಾನ ಬಂದ ತಿರುವಿನಲ್ಲೆಲ್ಲ ಒಂದು ಗೇರ್ ಮೇಲೆ ಇಟ್ಟು ನೋಡಿ. ಸದ್ದು ಕಡಿಮೆ ಬರುತ್ತದೆ, ನಿಧಾನ ಅನ್ನಿಸುತ್ತದೆ, ಟೈಮ್ ಮಾತ್ರ ಇಳಿದಿರುತ್ತದೆ.

ಸೆಟಪ್‌ಗೆ ಅವಸರ ಬೇಡ. ಮೊದಲು ಹಿಂದಿನ ಸ್ಪ್ರಿಂಗನ್ನು ನಿಮ್ಮ ತೂಕಕ್ಕೆ ಹೊಂದಿಸಿ. ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಂತೆ ಗಾಡಿ ಎತ್ತಿ, ಆಕ್ಸಲ್‌ನಿಂದ ಸೀಟಿನ ಹಿಂಭಾಗದ ಒಂದು ಗುರುತಿಗೆ ಟೇಪ್ ಹಿಡಿಯಿರಿ. ಆಮೇಲೆ ಸೂಟು, ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಕೂತು ಅದೇ ಅಳತೆ ತಗೊಳ್ಳಿ. ವ್ಯತ್ಯಾಸ 30ರಿಂದ 35 ಮಿಲಿಮೀಟರ್ ಇದ್ದರೆ ಸಾಕು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಸೀಲಿಗೆ ತಾಗಿಸಿಡಿ. ಓಡಿಸಿ ಬಂದ ಮೇಲೆ ಅದು ಎಲ್ಲಿಗೆ ಸರಿದಿದೆಯೋ ಅಷ್ಟು ಫೋರ್ಕ್ ಬಳಕೆಯಾಗಿದೆ ಅಂತ ಅರ್ಥ. ಬ್ರೇಕ್ ಬಿಡುವುದು ಸುಧಾರಿಸಿದೆಯಾ ಇಲ್ಲವಾ ಅಂತ ಆ ಟ್ಯಾಗೂ ಹೇಳುತ್ತದೆ. ಜೋರಾಗಿ ಕುಕ್ಕಿದ ದಿನ ಅದು ತಳ ಸೇರಿರುತ್ತದೆ. ಗಾಳಿ ಒತ್ತಡವನ್ನು ಟೈರು ಬಿಸಿಯಾಗಿರುವಾಗ, ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ) ಬಂದ ತಕ್ಷಣ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, ಬದಲಿಸುವ ಯೋಚನೆ ಇದ್ದರೆ, ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 45 ಹಲ್ಲು. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದೂ ಹಿಂದೆ ಮೂರು ಹಲ್ಲು ಹೆಚ್ಚಿಸುವುದೂ ಹೆಚ್ಚುಕಡಿಮೆ ಒಂದೇ. ಕಾರಿಯಂಥ ಚಿಕ್ಕ ಟ್ರ್ಯಾಕಿಗೆ ಮಾತ್ರ ಇದು. ದುಡ್ಡಿನ ವಿಷಯಕ್ಕೆ ಬಂದರೆ, ಮೊದಲು ಟೈರು, ಆಮೇಲೆ ಬ್ರೇಕ್ ಪ್ಯಾಡು ಮತ್ತು ಹೊಸ ಬ್ರೇಕ್ ಆಯಿಲು. ಹಳೇ ಬ್ರೇಕ್ ಆಯಿಲು ನೀರಿನಂಶ ಹೀರಿಕೊಂಡಿರುತ್ತದೆ, ಬಿಸಿಯಾದಾಗ ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ಬಂದು ತಾಗುತ್ತದೆ. ಅಂಥ ಲಿವರಿನಲ್ಲಿ ಬಿಡುವುದನ್ನು ಕಲಿಯಲು ಸಾಧ್ಯವೇ ಇಲ್ಲ. ಸೈಲೆನ್ಸರಿಗೆ ದುಡ್ಡು ಹಾಕುವುದು ಎಲ್ಲಕ್ಕಿಂತ ಕೊನೆಗೆ.

ರಸ್ತೆಯಲ್ಲಿ ಮಾತ್ರ ವೇಗದ ಅಭ್ಯಾಸ ಬೇಡ. ಮಂಡ್ಯದವರಿಗೆ ನಾನು ಹೇಳಬೇಕಾ? ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರು, ರಸ್ತೆ ತುಂಬ ಉದುರಿದ ಕಬ್ಬಿನ ಜಲ್ಲೆ. ಸುಗ್ಗಿ ಬಂತು ಅಂದರೆ ಹುರುಳಿ, ರಾಗಿಯನ್ನು ಡಾಂಬರಿನ ಮೇಲೇ ಒಕ್ಕಣೆಗೆ ಹಾಸಿರುತ್ತಾರೆ, ಅದರ ಮೇಲೆ ಚಕ್ರ ನಿಲ್ಲುವುದೇ ಇಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬೈಕ್ ವಾಲಿಸುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲಿ ನಡೆದು ಹೋಗುವವರು ಇರುತ್ತಾರೆ, ಮಕ್ಕಳಿರುತ್ತಾರೆ. ವೇಗದ ಹುಚ್ಚು ನಮ್ಮೂರಿಗೆ ಹೊಸದೇನಲ್ಲ. ಜಾವಾ, ಯೆಜ್ಡಿ ಎರಡೂ ತಯಾರಾಗಿದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಅದು 1996ರಲ್ಲಿ ಮುಚ್ಚುವ ತನಕ. ಆ ಹುಚ್ಚಿಗೆ ಸರಿಯಾದ ಜಾಗ ಟ್ರ್ಯಾಕು.

ಟ್ರ್ಯಾಕಿನಲ್ಲೂ ಹುಷಾರು. 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ತುಂಬ ಪ್ರತಿಭೆ ಇದ್ದ ಹುಡುಗ. ಅಂದಿನಿಂದ ಹೆಲ್ಮೆಟ್ ಪಟ್ಟಿಯನ್ನು ಇನ್ನೊಬ್ಬರ ಕೈಲಿ ಎಳೆಸಿ ನೋಡದೆ ನಾನು ಪಿಟ್ ಬಿಡುವುದಿಲ್ಲ. ಚರ್ಮದ ಒಂದೇ ತುಂಡಿನ ಸೂಟು, ಬೆನ್ನಿನ ರಕ್ಷಾ ಕವಚ, ಕಣಕಾಲು ಮುಚ್ಚುವ ಬೂಟು, ಇವುಗಳಲ್ಲಿ ರಾಜಿ ಬೇಡ. ಮುಂದಿನ ರೌಂಡಿಗೆ ಹೋಗುವ ಮೊದಲು ದೇಶದ ಮೋಟಾರ್ ರೇಸುಗಳನ್ನು ನೋಡಿಕೊಳ್ಳುವ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸಿನ ಅವಧಿ ನೋಡಿಕೊಳ್ಳಿ. ಕನ್ನಡಿ, ದೀಪ, ಸ್ಟ್ಯಾಂಡ್ ಬಿಚ್ಚಿ, ಆಯಿಲ್ ಡ್ರೈನ್ ಬೋಲ್ಟಿಗೆ ತಂತಿ ಬಿಗಿಯಿರಿ. ಕೂಲೆಂಟ್ ತೆಗೆದು ಬರೀ ನೀರು ತುಂಬಿಸಿ, ಕೂಲೆಂಟ್ ಚೆಲ್ಲಿದರೆ ಹಿಂದೆ ಬರುವವರು ಜಾರಿ ಬೀಳುತ್ತಾರೆ.

ಕೋಯಮತ್ತೂರಿಗೆ ಪಿಕಪ್‌ನಲ್ಲಿ ಗಾಡಿ ಹಾಕಿಕೊಂಡು ಹೋಗುವುದಾದರೆ ಚಾಮರಾಜನಗರ, ಆಸನೂರು ದಾರಿ ಹಿಡಿಯಿರಿ. ಧಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ಹಗ್ಗದ ಬದಲು ಅಗಲವಾದ ಬೆಲ್ಟು ಬಳಸಿ. ರಾತ್ರಿ ಕಾಡಿನ ರಸ್ತೆ ಮುಚ್ಚುತ್ತಾರೆ, ಹೊತ್ತು ನೋಡಿಕೊಂಡು ಹೊರಡಿ. ಚೆನ್ನೈಗಾದರೆ ಮಂಡ್ಯ ನಮಗೆ ದಾರಿಯಲ್ಲೇ ಸಿಗುತ್ತದೆ. ನಮ್ಮ ಪಿಕಪ್‌ನಲ್ಲಿ ಇನ್ನೊಂದು ಬೈಕಿಗೆ ಜಾಗ ಇದೆ, ಡೀಸೆಲ್ ಖರ್ಚು ಹಂಚಿಕೊಳ್ಳೋಣ. ಬರುವುದಾದರೆ ಇಲ್ಲೇ ಕೆಳಗೆ ಬರೆಯಿರಿ.