ಸ್ಪಾನ್ಸರ್ ಗ್ರೂಪಿಗೆ ಸೇರ್ಬೇಕಾ ಅಂತ ಕೇಳಿದ ಪುಣೆಯ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜು ನಿನ್ನೆಯೇ ನೋಡಿದ್ದೆ. ಕೆನಡಾದಿಂದ ಅಮ್ಮನ ಮನೆಗೆ ಡೊಂಬಿವಲಿಗೆ ಬಂದು ಮೂರು ದಿನ ಆಯ್ತು, ಜೆಟ್‌ಲ್ಯಾಗಿಂದ ರಾತ್ರಿ ಎರಡೂವರೆಗೇ ಎಚ್ಚರ ಆಗ್ತದೆ, ಮತ್ತೆ ನಿದ್ದೆ ಇಲ್ಲ, ಹಾಗಾಗಿ ಈಗ ಕೂತು ಬರೀತಿದ್ದೇನೆ, ಉದ್ದ ಆದ್ರೆ ಬೈಬೇಡ. ನೀನು ಕೇಳಿದ್ದು ಇಷ್ಟು: ಪುಣೆಯಿಂದ ಕೆನಡಾದ ಮಿಸ್ಸಿಸಾಗಾಕ್ಕೆ ಹೋಗಿ ಎಂಟು ತಿಂಗಳು, ಪಿಆರ್ (ಅಲ್ಲೇ ಖಾಯಂ ಇರ್ಲಿಕ್ಕೆ ಪರ್ಮಿಷನ್ನು) ಉಂಟು, ಬೇಸ್‌ಮೆಂಟಲ್ಲಿ ಬಾಡಿಗೆ, ಮೇಲಿನ ಮನೆಯ ಆಂಟಿಯ ಚರ್ಚಿನವ್ರು ಒಂದು ಅಫ್ಘಾನ್ ನಿರಾಶ್ರಿತ ಕುಟುಂಬಕ್ಕೆ ಸ್ಪಾನ್ಸರ್ ಆಗ್ತಿದ್ದಾರೆ, ನಿನಗೆ ಹಿಂದಿ ಬರ್ತದಲ್ಲ ನೀನೂ ಸೇರು ಅಂತಿದ್ದಾರೆ. ಸಹಿ ಹಾಕಿದ್ರೆ ಕೋರ್ಟು ಕಚೇರಿ ಅಲೀಬೇಕಾಗ್ತದಾ, ಇದನ್ನೆಲ್ಲ ಯಾರಾದ್ರೂ ಕಲಿಸಿಕೊಡ್ತಾರಾ ಅಂತ.

ನಮ್ಮವ್ರಿಗೆ ಸ್ಪಾನ್ಸರ್ ಅಂದ್ರೆ ತಲೇಲಿ ಬರೋದು ಅಪ್ಪ ಅಮ್ಮನನ್ನು ಕರೆಸಿಕೊಳ್ಳೋದು. ಅದಕ್ಕೆ 20 ವರ್ಷದ ಜವಾಬ್ದಾರಿ ಬರೆದುಕೊಡ್ಬೇಕು, ನಿನಗೆ ಹೆದರಿಕೆ ಹುಟ್ಟಿದ್ದೂ ಅದನ್ನು ಕೇಳಿಯೇ ಇರ್ಬೇಕು. ನಿರಾಶ್ರಿತರದ್ದು ಬೇರೆ. ಸಾಮಾನ್ಯವಾಗಿ 12 ತಿಂಗಳು, ಅದಕ್ಕಿಂತ ಮೊದ್ಲೇ ಅವ್ರು ತಮ್ಮ ಕಾಲ ಮೇಲೆ ನಿಂತ್ರೆ ಅಲ್ಲಿಗೇ ಮುಗೀತು. ಅವ್ರು ವಿಮಾನ ಇಳಿಯುವಾಗಲೇ ಪಿಆರ್ ಆಗಿ ಇಳೀತಾರೆ, ನಿನ್ನ ಹಾಗೆಯೇ. ಆ ಒಂದು ವರ್ಷ ಬಾಡಿಗೆ, ದಿನಸಿ, ಮೊದಲಿನ ಪಾತ್ರೆ ಪಗಡೆ ಮಂಚ ಚಳಿ ಕೋಟು, ಮಕ್ಕಳನ್ನು ಶಾಲೆಗೆ ಸೇರಿಸೋದು, ಹೆಲ್ತ್ ಕಾರ್ಡು, ಕೆಲಸಕ್ಕೆ ಬೇಕಾದ ಸಿನ್ ನಂಬರು, ಲಿಂಕ್ ಅಂತ ಸರ್ಕಾರದ ಇಂಗ್ಲಿಷ್ ಕ್ಲಾಸು (ಅದು ಫ್ರೀ), ಇಷ್ಟು ಗ್ರೂಪಿನ ತಲೆ ಮೇಲೆ. ಅವ್ರ ಸ್ಪಾನ್ಸರ್‌ಶಿಪ್ಪಿಗೆ ಅಂತ ಅವ್ರಿಂದಲೇ ದುಡ್ಡು ತಗೊಳ್ಳೋ ಹಾಗಿಲ್ಲ, ಆಮೇಲೆ ವಾಪಸ್ ಕೊಡು ಅಂತ ಕೇಳೋ ಹಾಗೂ ಇಲ್ಲ.

ಐದು ಜನ ಸಿಟಿಜನ್ನು ಅಥವಾ ಪಿಆರ್ ಇದ್ದವ್ರು ಸೇರಿ ತಾವೇ ಅರ್ಜಿ ಹಾಕೋ ಗ್ರೂಪ್ ಆಫ್ ಫೈವ್ ಅಂತ ಒಂದು ದಾರಿ ಉಂಟು, ಅದಕ್ಕೆ ಹೊಸ ಅರ್ಜಿ ತಗೊಳ್ಳೋದನ್ನು 2024 ನವೆಂಬರ್ ಕೊನೇಲಿ ನಿಲ್ಲಿಸಿದ್ರು, ಯಾರಾದ್ರೂ ಆ ದಾರಿ ಹೇಳಿದ್ರೆ ಮೊದ್ಲು ಸರ್ಕಾರದ ಸೈಟ್ ನೋಡು. ಚರ್ಚಿನವ್ರದ್ದು ಹೆಚ್ಚಾಗಿ ಎಸ್‌ಎಎಚ್ ದಾರಿ, ಅಂದ್ರೆ ಸರ್ಕಾರದ ಜೊತೆ ಮೊದ್ಲೇ ಒಪ್ಪಂದ ಮಾಡಿಕೊಂಡ ಸಂಸ್ಥೆ, ಅದರ ಕೆಳಗೆ ಊರೂರಿನ ಚಿಕ್ಕ ಗ್ರೂಪುಗಳು. ಕೊನೇ ಜವಾಬ್ದಾರಿ ಮೇಲಿನ ಸಂಸ್ಥೆಯದ್ದು, ಆದ್ರೆ ಅವ್ರು ನಿಮ್ಮ ಗ್ರೂಪಿನ ಹತ್ರ ಒಂದು ಕಾಗದ ಬರೆಸಿಕೊಳ್ತಾರಲ್ಲ ಅದನ್ನು ಓದು. ಹಣ ಟ್ರಸ್ಟ್ ಖಾತೇಲಿ ಮೊದ್ಲೇ ಉಂಟಾ ಕೇಳು. ಇಲ್ಲ, ಆಮೇಲೆ ಕೂಡಿಸ್ತೇವೆ ಅಂದ್ರೆ ನೀನು ಸಹಿಗೆ ಕೈ ಹಾಕ್ಬೇಡ, ಎಂಟು ತಿಂಗಳ ಸಂಬಳದವ್ನು ನೀನು.

ಇನ್ನು ಕಲಿಸೋದು. ಉಂಟು ಮಾರಾಯಾ, ಚೆನ್ನಾಗಿಯೇ ಉಂಟು. ರೆಫ್ಯೂಜಿ ಸ್ಪಾನ್ಸರ್‌ಶಿಪ್ ಟ್ರೈನಿಂಗ್ ಪ್ರೋಗ್ರಾಂ ಅಂತ, ಎಲ್ಲರ ಬಾಯಲ್ಲಿ ಆರ್‌ಎಸ್‌ಟಿಪಿ. 1998ರಿಂದ ನಡೀತಿದೆ, ದುಡ್ಡು ಸರ್ಕಾರದ್ದು, ನಮಗೆ ಫ್ರೀ. ವೆಬಿನಾರು ಉಂಟು, ಬೇರೆ ಬೇರೆ ಪ್ರಾಂತ್ಯದಲ್ಲಿ ಟ್ರೈನರ್‌ಗಳಿದ್ದಾರೆ, ಈಮೇಲ್ ಹಾಕಿ ಕೇಳ್ಬಹುದು. ಫಾರ್ಮ್ ತುಂಬೋದು, ಕುಟುಂಬ ನೆಲೆ ನಿಲ್ಲೋದು ಹೇಗೆ ಅಂತ ಸೆಟಲ್‌ಮೆಂಟ್ ಪ್ಲಾನ್ ಬರೆಯೋದು, ವರ್ಷ ಮುಗಿದು ಹದಿಮೂರನೇ ತಿಂಗಳು ಎಂತ ಮಾಡೋದು, ಕುಟುಂಬಕ್ಕೂ ಗ್ರೂಪಿಗೂ ಸರಿ ಹೋಗ್ಲಿಲ್ಲ ಅಂದ್ರೆ ಯಾರಿಗೆ ತಿಳಿಸೋದು, ಎಲ್ಲ ಹೇಳ್ತಾರೆ. ಕೆನಡಾದವ್ರು ಈ ಕೆಲಸ ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು 1979ರಲ್ಲಿ, ವಿಯೆಟ್ನಾಂ ಕಡೆಯಿಂದ ಜನ ದೋಣೀಲಿ ಓಡಿ ಬರುವಾಗ. ಅಲ್ಲಿಂದ ಇಲ್ಲಿವರೆಗೆ 3 ಲಕ್ಷಕ್ಕೂ ಹೆಚ್ಚು ಜನ ಹೀಗೆ ಖಾಸಗಿಯವ್ರ ಕೈ ಹಿಡಿದು ಬಂದಿದ್ದಾರೆ, 1986ರಲ್ಲಿ ನಿರಾಶ್ರಿತರಿಗೆ ನೆರವಾದವ್ರಿಗೆ ಕೊಡೋ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಕೆನಡಾದ ಇಡೀ ಜನರಿಗೇ ಕೊಟ್ರು. ಇಷ್ಟು ಅನುಭವ ಇದ್ದವ್ರಿಗೂ ಟ್ರೈನಿಂಗ್ ಬೇಕಾ ಅಂತ ನನಗೂ ಮೊದ್ಲು ಅನಿಸಿತ್ತು. ಒಳ್ಳೇ ಮನಸ್ಸಿದ್ರೆ ಆಯ್ತಲ್ಲ ಅಂತ.

2016ರ ಫೆಬ್ರವರೀಲಿ ನಾವು ಒಂಬತ್ತು ಜನ ಸೇರಿ ಸಿರಿಯಾದ ಒಂದು ಕುಟುಂಬಕ್ಕೆ ನಿಂತ್ವಿ. ಆರು ತಿಂಗಳು ಸರ್ಕಾರದ ದುಡ್ಡು, ಆರು ತಿಂಗಳು ನಮ್ಮದು, ಬಿವಿಒಆರ್ ಅಂತಾರೆ ಆ ಸ್ಕೀಮಿಗೆ. ಟ್ರೈನಿಂಗಿಗೆ ಹೋದ್ವಿ, ನೋಟ್ಸ್ ಬರ್ಕೊಂಡ್ವಿ, ಸಮೋಸ ತಿಂದ್ವಿ. ದುಡ್ಡು ನಿಮ್ಮ ಕೈಲಿ, ಮನೆ ನಿಮ್ಮ ಹೆಸರಲ್ಲಿ, ಭಾಷೆ ನಿಮ್ಮದು, ಹಾಗಾಗಿ ಅವ್ರು ಬೇಡ ಅನ್ನೋದಕ್ಕೂ ಹೆದರ್ತಾರೆ ಅಂತ ಟ್ರೈನರಮ್ಮ ಹೇಳಿದ್ದು ನನ್ನ ನೋಟ್‌ಬುಕ್ಕಲ್ಲಿ ಈಗಲೂ ಉಂಟು, ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಅಷ್ಟಾಗಿಯೂ ಎಂತ ಮಾಡಿದ್ವಿ ಗೊತ್ತುಂಟಾ, ನಮ್ಮ ಖಜಾಂಚಿ ರಿಟೈರ್ಡ್ ಅಕೌಂಟೆಂಟು, ಪ್ರತಿ ಶನಿವಾರ ಲಕೋಟೇಲಿ ದುಡ್ಡು ತಗೊಂಡು ಅವ್ರ ಮನೆಗೆ ಹೋಗೋದು, ಹಿಂದಿನ ವಾರದ ಬಿಲ್ಲು ನೋಡೋದು. ಒಂದು ಶನಿವಾರ ನಾನೂ ಹೋಗಿದ್ದೆ. ಮನೆಯ ಯಜಮಾನ, ಅವ್ರ ಊರಲ್ಲಿ ಗಾಡಿ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವ್ನು, ಹತ್ತು ಜನರಿಗೆ ಪಗಾರ ಕೊಟ್ಟವ್ನು, ಬಿಸ್ಕೆಟ್ ಡಬ್ಬಿಯಿಂದ ಬಿಲ್ಲುಗಳನ್ನು ತೆಗೆದು ಟೇಬಲ್ ಮೇಲೆ ಒಂದೊಂದಾಗಿ ಅಂಗೈಯಲ್ಲಿ ಒತ್ತಿ ಸುಕ್ಕು ಬಿಡಿಸಿ ಇಡ್ತಿದ್ದಾನೆ. ಒಂದು ಬಿಲ್ಲಲ್ಲಿ ಒಂದು ಸಾಲಿಗೆ ಪೆನ್ನಿಂದ ಅಡ್ಡ ಗೆರೆ. ಮಗನಿಗೆ ಆಟದ ಕಾರು, ನಾಲ್ಕು ಡಾಲರು. ಅದನ್ನು ಬೆರಳಲ್ಲಿ ತೋರಿಸಿ ದಿಸ್ ನೋ, ದಿಸ್ ನೋ ಅಂತಾನೆ, ಲೆಕ್ಕಕ್ಕೆ ಹಿಡೀಬೇಡಿ ಅಂತ. ಹುಡುಗ ಕಾರನ್ನು ಬೆನ್ನ ಹಿಂದೆ ಹಿಡ್ಕೊಂಡು ಬಾಗಿಲ ಹತ್ರ ನಿಂತಿದ್ದ.

ನನಗೆ ಕೂತಲ್ಲೇ ಅಪ್ಪನ ನೆನಪಾಯ್ತು. ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರು ವರ್ಷಕ್ಕೆ ಬೊಂಬಾಯಿಗೆ ಬಂದು ಫೋರ್ಟಲ್ಲಿ ಒಂದು ಹೋಟೆಲಲ್ಲಿ ಟೇಬಲ್ ಒರೆಸ್ತಿದ್ದದ್ದು, ರಾತ್ರಿ ಕನ್ನಡ ನೈಟ್‌ಸ್ಕೂಲು. ಧಣಿ ಕೆಟ್ಟವ್ನಲ್ಲ, ಊಟ ಹಾಕಿದ, ಮಲಗ್ಲಿಕ್ಕೆ ಜಾಗ ಕೊಟ್ಟ, ಆದ್ರೆ ಪಗಾರ ತನ್ನ ಹತ್ರವೇ ಇಟ್ಕೊಳ್ತಿದ್ದ, ಹುಡುಗ್ರು ಹಾಳು ಮಾಡ್ತಾರೆ ಅಂತ. ನೋಟ್‌ಬುಕ್ಕಿಗೆ ಎರಡಾಣೆ ಬೇಕಾದ್ರೆ ಗಲ್ಲಾದ ಎದುರು ನಿಂತು ಎಂತಕ್ಕೆ ಅಂತ ಹೇಳ್ಬೇಕು, ಗಿರಾಕಿಗಳೆಲ್ಲ ಕೇಳ್ತಾ ಇರ್ತಾರೆ. ಎಪ್ಪತ್ತು ದಾಟಿದ ಮೇಲೂ ಅಪ್ಪ ಈ ಮಾತು ಬಂದಾಗ ದನಿ ತಗ್ಗಿಸ್ತಿದ್ರು. ಹಾಗಂತ ಆ ಧಣಿಯ ಫೋಟೋಕ್ಕೆ ಹಾರವೂ ಹಾಕ್ತಿದ್ರು, ಅದು ಬೇರೆ ವಿಷಯ.

ಸೋಮವಾರ ನಾನೇ ಟ್ರೈನರಿಗೆ ಫೋನ್ ಮಾಡಿದೆ. ಅವ್ರು ನಗ್ಲಿಲ್ಲ, ಬೈಲೂ ಇಲ್ಲ, ತಿಂಗಳಿಗೆ ಇಷ್ಟು ಅಂತ ಮೊದ್ಲೇ ಕುಟುಂಬದ ಜೊತೆ ಕೂತು ಮಾತಾಡಿ, ಒಂದನೇ ತಾರೀಕು ಅವ್ರ ಖಾತೆಗೆ ಹಾಕಿ, ಬಿಲ್ಲು ಕೇಳೋದು ನಿಲ್ಲಿಸಿ, ಖರ್ಚು ಅವ್ರದ್ದು ಅಂದ್ರು. ಕೂತು ಮಾತಾಡ್ಲಿಕ್ಕೆ ಪಕ್ಕದ ಮನೆಯವ್ರನ್ನು ಬಿಟ್ಟು ಬೇರೆ ದುಭಾಷಿಯನ್ನು ಕರೀರಿ ಅಂತಲೂ ಹೇಳಿದ್ರು. ಖಜಾಂಚಿಗೆ ಎರಡು ವಾರ ಮುಖ ಊದಿತ್ತು. ನಾನು ಟ್ರೈನಿಂಗ್ ಟ್ರೈನಿಂಗ್ ಅಂತ ಬಡ್ಕೊಳ್ಳೋದು ಆ ಫೋನಿಗೋಸ್ಕರ. ಕುಟುಂಬ ಬರುವ ಮೊದಲು ಕೇಳಿದ ಕ್ಲಾಸು ಅರ್ಧ ಮರೆತೇ ಹೋಗ್ತದೆ, ತಪ್ಪು ಮಾಡಿದ ಮೇಲೆ ನಾಚಿಕೆ ಬಿಟ್ಟು ಕೇಳ್ಲಿಕ್ಕೆ ಒಬ್ರು ಬೇಕು.

ನಮ್ಮ ಕನ್ನಡ ಕೂಟದವ್ರು ದೋಸೆ ಸ್ಟಾಲ್ ಹಾಕಿ ದುಡ್ಡು ಕೂಡಿಸಿದ್ರು, ಪಾಪ ಒಳ್ಳೇದೇ, ಆದ್ರೆ ರಾಜ್ಯೋತ್ಸವಕ್ಕೆ ಆ ಕುಟುಂಬವನ್ನು ಸ್ಟೇಜಿಗೆ ಕರೆದು ಶಾಲು ಹೊದೆಸ್ಬೇಕು, ಫೋಟೋ ವಾಟ್ಸಾಪಿಗೆ ಹಾಕ್ಬೇಕು ಅಂತ ಹಠ. ಊರಲ್ಲಿ ಉಳಿದ ಅವ್ರ ಅಣ್ಣ ತಮ್ಮಂದಿರಿಗೆ ಆ ಫೋಟೋದಿಂದ ಎಂತ ಆಗ್ತದೆ ಯಾರಿಗೆ ಗೊತ್ತು. ನಾವು ಆಗೋದಿಲ್ಲ ಅಂದ್ವಿ. ಒಬ್ರು ಹಿರಿಯರು ಈಗಲೂ ನನ್ನ ಹತ್ರ ಸರಿ ಮಾತಾಡೋದಿಲ್ಲ.

ನಿನಗೆ ಹಿಂದಿ ಬರ್ತದೆ ಅಂತ ಡಾಕ್ಟರ ಹತ್ರ ದುಭಾಷಿಯಾಗಿ ಕರ್ಕೊಂಡು ಹೋಗ್ಲಿಕ್ಕೆ ನೋಡ್ತಾರೆ, ಹೋಗ್ಬೇಡ. ಆ ಹೆಂಗಸು ತನ್ನ ಹೊಟ್ಟೆನೋವು ಇಪ್ಪತ್ತೇಳು ವರ್ಷದ ಹುಡುಗನ ಬಾಯಿಂದ ಹೇಳಿಸ್ಬೇಕಾ. ಬಸ್ಸು ತೋರಿಸು, ಬಸ್ ಟಿಕೆಟಿನ ಪ್ರೆಸ್ಟೋ ಕಾರ್ಡು ಮಾಡಿಸು, ಮಕ್ಕಳನ್ನು ಲೈಬ್ರರಿಗೆ ಕರ್ಕೊಂಡು ಹೋಗು, ಅದಕ್ಕೆ ಸಹಿಯೇ ಬೇಡ. ನನ್ನನ್ನು ಕೇಳಿದ್ರೆ ಈ ಸಲ ಹಾಗೆ ಹೊರಗಿಂದ ಇರು, ಜೊತೆಗೆ ಟ್ರೈನಿಂಗ್ ಮಾಡು, ಸಹಿ ಮುಂದಿನ ಕುಟುಂಬಕ್ಕೆ ಹಾಕುವಿಯಂತೆ. ಆಂಟಿಗೆ ಬೇಜಾರಾದ್ರೆ ನನ್ನ ಹೆಸರು ಹೇಳು.

ಮೊದಲ ಲೋಕಲ್ ಹೋದ ಶಬ್ದ ಕೇಳ್ತು, ಅಮ್ಮ ಎದ್ದು ಈ ಹೊತ್ತಲ್ಲಿ ಯಾರ ಹತ್ರ ಮಾತು ಅಂತ ಕೇಳ್ತಿದ್ದಾರೆ. ಮುಂದಿನ ತಿಂಗಳು 16ಕ್ಕೆ ವಾಪಸ್ ಬರ್ತೇನೆ, ಮಾಟುಂಗಾದಿಂದ ಕಾಫಿಪುಡಿ ಬೇಕಾದ್ರೆ ಹೇಳು, ಅರ್ಧ ಕಿಲೋಕ್ಕಿಂತ ಹೆಚ್ಚು ಬೇಡ, ನನ್ನ ಬ್ಯಾಗಲ್ಲಿ ಜಾಗ ಇಲ್ಲ.