ಕೇಬಲ್ ದುಡ್ಡು ಕಟ್ಟಿದ ಮೇಲೂ ಜಾಹೀರಾತು ಯಾಕೆ?

ಪ್ರತಿ ತಿಂಗಳು ತಪ್ಪದೆ ಕೇಬಲ್ ದುಡ್ಡು ಕಟ್ಟುತ್ತೇವೆ. ಆದರೂ ಧಾರಾವಾಹಿ ಮಧ್ಯೆ ಇಷ್ಟೊಂದು ಜಾಹೀರಾತು ಯಾಕೆ? (ಕುಮಟಾದ ಓದುಗರು)

ಕಾರವಾರದಿಂದ ಭಟ್ಕಳದವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಕೇಳುವ ಮೊದಲು ಬಿಲ್ ಬಿಡಿಸಿ ನೋಡಿದವರು ಮಾತ್ರ ಕಡಿಮೆ. ಅದರಲ್ಲಿ ಎನ್‌ಸಿಎಫ್ (ನೆಟ್‌ವರ್ಕ್ ಕೆಪಾಸಿಟಿ ಫೀ) ಎಂದು ಬರೆದಿರುತ್ತದೆ. ಅದು ಮನೆತನಕ ವೈರ್ ಎಳೆದು, ಮಳೆಗಾಲದಲ್ಲಿ ಅಡಿಕೆ ಮರ ಬಿದ್ದು ತುಂಡಾದರೆ ಮತ್ತೆ ಜೋಡಿಸುವವರ ದುಡ್ಡು. ಚಾನೆಲ್‌ಗೆ ಅದರಲ್ಲಿ ಪೈಸೆಯೂ ಹೋಗುವುದಿಲ್ಲ. ಫೋನ್, ಟಿವಿ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಇದಕ್ಕೆ ಹಾಕಿದ್ದ 130 ರೂಪಾಯಿ ಮಿತಿ 2019ರಲ್ಲಿ ಜಾರಿಗೆ ಬಂತು, 2024ರಲ್ಲಿ ಟ್ರಾಯ್ ಅದನ್ನು ತೆಗೆಯಿತು. ಹಾಗಾಗಿ ಪಕ್ಕದೂರಿನ ಬಿಲ್ ಹಿಡಿದು ಜಗಳಕ್ಕೆ ಹೋಗಬೇಡಿ, ನಿಮ್ಮ ಕೇಬಲ್‌ನವರ ದರಪಟ್ಟಿ ಕೇಳಿ. ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಇನ್ನು ಉಳಿದದ್ದು ಪೇ ಚಾನೆಲ್ ದರ. ತಿಂಗಳಿಗೆ 19 ರೂಪಾಯಿಯ ಚಾನೆಲ್ ಅಂದರೆ ದಿನಕ್ಕೆ ಸುಮಾರು 63 ಪೈಸೆ. ಅದರಲ್ಲೂ ಕೇಬಲ್‌ನವರ ಪಾಲು ಕಳೆಯಬೇಕು. ಇಷ್ಟರಲ್ಲಿ ನಟರು, ಕ್ಯಾಮೆರಾ, ಸೆಟ್ ಎಲ್ಲ ಹೇಗೆ ನಡೆಯಬೇಕು? ಉಳಿದ ಖರ್ಚನ್ನು ಸೋಪು, ಟೂತ್‌ಪೇಸ್ಟ್ ಮಾರುವವರು ಕೊಡುತ್ತಾರೆ. ಫ್ರೀ ಚಾನೆಲ್‌ಗಂತೂ ನಿಮ್ಮಿಂದ ಏನೂ ಹೋಗುವುದಿಲ್ಲ, ಅದು ನಿಂತಿರುವುದೇ ಜಾಹೀರಾತಿನ ಮೇಲೆ.

ಜಾಹೀರಾತೇ ಬೇಡ ಅಂದರೆ ಬ್ರಿಟನ್ನಿನ ದಾರಿ ಇದೆ. ಅಲ್ಲಿ ಬಿಬಿಸಿಯಲ್ಲಿ ಜಾಹೀರಾತಿಲ್ಲ. ಅದಕ್ಕಾಗಿ ಲೈವ್ ಟಿವಿ ನೋಡುವ ಪ್ರತಿ ಮನೆಯವರೂ ಲೈಸೆನ್ಸ್ ಕಟ್ಟಬೇಕು. 2025ರಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ನಮ್ಮಲ್ಲೂ ಹಿಂದೆ ಅಂಚೆ ಕಚೇರಿಯಲ್ಲಿ ಟಿವಿ ಲೈಸೆನ್ಸ್ ಕಟ್ಟುತ್ತಿದ್ದರು. ಆದರೆ ದೂರದರ್ಶನ 1976ರಲ್ಲೇ ಜಾಹೀರಾತು ತೆಗೆದುಕೊಳ್ಳಲು ಶುರು ಮಾಡಿತ್ತು.

ದೂರು ಕೊಡುವುದಿದ್ದರೆ ಸರಿಯಾದ ವಿಷಯಕ್ಕೆ ಕೊಡಿ. ಕೇಬಲ್ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಇದರಲ್ಲಿ 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಗಡಿಯಾರ ಹಿಡಿದು ಕೂತು ಲೆಕ್ಕ ಹಾಕಿ, ತಾರೀಖು, ಸಮಯ ಬರೆದಿಟ್ಟುಕೊಳ್ಳಿ. ಸುಮ್ನೆ ಕೇಬಲ್ ಹುಡುಗನನ್ನು ಬೈದರೆ ಏನೂ ಆಗದು.

ಫ್ರೀ ಡಿಶ್‌ಗೆ ವರ್ಷಕ್ಕೊಮ್ಮೆ ರೀಚಾರ್ಜ್ ಮಾಡಿಸಬೇಕಂತೆ, ಹೌದಾ? (ಶಿರಸಿ)

ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವನು ಕಳ್ಳ, ಅಂಗಳದಿಂದಲೇ ಕಳಿಸಿ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೂ ಇಲ್ಲ, ವರ್ಷದ ಶುಲ್ಕವೂ ಇಲ್ಲ. ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು. ಅಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ, ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ದುಡ್ಡು ಕೊಡುತ್ತವೆ. ಮಳೆ ಜೋರಾದಾಗ ಚಿತ್ರ ಹೋದರೆ ಅದು ರೀಚಾರ್ಜ್ ಮುಗಿದದ್ದಲ್ಲ. ಮಳೆ ನಿಂತ ಮೇಲೂ ಬರದಿದ್ದರೆ ಡಿಶ್ ಆಗ್ನೇಯಕ್ಕೇ ಮುಖ ಮಾಡಿದೆಯಾ, ಎದುರಿಗೆ ತೆಂಗಿನ ಗರಿ ಅಡ್ಡ ಬಂದಿದೆಯಾ ನೋಡಿ.

ಫ್ರೀ ಡಿಶ್‌ನ ದೂರದರ್ಶನದಲ್ಲಿ ಬರುವ ಕ್ರಿಕೆಟ್ ಕೇಬಲ್‌ನ ದೂರದರ್ಶನದಲ್ಲಿ ಯಾಕಿಲ್ಲ? (ಅಂಕೋಲಾ)

ದೂರದರ್ಶನಕ್ಕೆ ಹಂಚಿಕೊಟ್ಟ ಆ ಪ್ರಸಾರವನ್ನು ಖಾಸಗಿ ಕೇಬಲ್‌ನಲ್ಲಿ ತೋರಿಸುವಂತಿಲ್ಲ ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ. ಕೇಬಲ್‌ನವರ ತಪ್ಪಿಲ್ಲ.