ಹತ್ತನೇ ವಯಸ್ಸಿನ ಸೈಕಲ್ಲು

ಆತ್ಮೀಯರೆ, ನಮಸ್ಕಾರ.

ಹೋದ ತಿಂಗಳು ನಾವು ಹಾಕಿದ್ದ ಐರ್ಲೆಂಡಿನ ಪ್ರವಾಸ ಬರಹಗಾರ್ತಿ ಡರ್ವ್ಲಾ ಮರ್ಫಿ ಬಗೆಗಿನ ಲೇಖನ ಓದಿ ನೀವು ಬರೆದಿದ್ದೀರಿ: "ದೇಶ ಸುತ್ತೋದೆಲ್ಲ ಹೊಣೆ ಇಲ್ಲದವರಿಗೆ. ಹಾಸಿಗೆ ಹಿಡಿದ ಅಮ್ಮನನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವ ನನಗೆ ಇದನ್ನು ಯಾಕೆ ಓದಿಸುತ್ತೀರಿ?" ಕಾಗದ ಓದಿ ಮನಸ್ಸು ಭಾರವಾಯಿತು. ತಪ್ಪು ನಮ್ಮದೇ. ಆಕೆ ಸುತ್ತಿದ ದೇಶಗಳನ್ನು ಪುಟಗಟ್ಟಲೆ ಬರೆದೆವು. ಮನೆಯಲ್ಲೇ ಕಳೆದ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆವು.

ಆ ವರ್ಷಗಳು ಹದಿನಾರು. ಡರ್ವ್ಲಾ ಹುಟ್ಟಿದ್ದು 1931ರಲ್ಲಿ, ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ. ಅಮ್ಮನಿಗೆ ಸಂಧಿವಾತ, ನಡೆದಾಡುವ ಹಾಗಿರಲಿಲ್ಲ. ಹುಡುಗಿ 14ನೇ ವಯಸ್ಸಿಗೇ ಶಾಲೆ ಬಿಟ್ಟು ಅಮ್ಮನ ಆರೈಕೆಗೆ ನಿಂತಳು.

ಅದಕ್ಕೂ ಮುಂಚೆ, ಹತ್ತನೇ ಹುಟ್ಟುಹಬ್ಬಕ್ಕೆ ಅವಳಿಗೆ ಒಂದು ಹಳೇ ಸೈಕಲ್ಲು, ಒಂದು ಅಟ್ಲಾಸ್ ಸಿಕ್ಕಿದ್ದವು. ಊರ ಹತ್ತಿರದ ಏರಿನಲ್ಲಿ ಸೈಕಲ್ ತುಳಿಯುತ್ತಾ ತನ್ನ ಕಾಲುಗಳನ್ನೇ ನೋಡಿಕೊಂಡಳಂತೆ. ಹೀಗೇ ತುಳಿಯುತ್ತಾ ಹೋದರೆ ಒಂದಲ್ಲ ಒಂದು ದಿನ ಇಂಡಿಯಾ ತಲುಪಬಹುದಲ್ಲ ಅನಿಸಿತು. ದೊಡ್ಡವರು ನಕ್ಕಾರು ಅಂತ ಯಾರಿಗೂ ಹೇಳಲಿಲ್ಲ. ಆರೈಕೆಯ ವರ್ಷಗಳ ನಡುವೆ ಕೆಲವು ಸಲ ಒಂದಷ್ಟು ವಾರ ಇಂಗ್ಲೆಂಡ್, ಯೂರೋಪ್ ಸುತ್ತಿ ಬಂದದ್ದುಂಟು. ಹೋಗಿ ಬಾ ಅಂದವರು ಅಮ್ಮನೇ.

1962ರಲ್ಲಿ ಅಮ್ಮ ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ, ಯೂರೋಪೆಲ್ಲ ಹಿಮದಲ್ಲಿ ಹೂತಿದ್ದಾಗ, ಡರ್ವ್ಲಾ ಹೊರಟರು. ಸೈಕಲ್ಲಿನ ಗೇರ್ ಬಿಚ್ಚಿಸಿದ್ದರು, ಕೆಟ್ಟ ರಸ್ತೆಗೆ ಅದು ತಾಳುವುದಿಲ್ಲ ಎಂಬ ಲೆಕ್ಕ. ಬೇಕಾಗುವ ಟೈರುಗಳನ್ನು ದಾರಿಯ ಊರುಗಳಿಗೆ ಮುಂಚೆಯೇ ಕಳಿಸಿದ್ದರು. ಇಪ್ಪತ್ತು ವರ್ಷ ಮನಸ್ಸಿನಲ್ಲೇ ಆ ದಾರಿ ತುಳಿದವರಿಗೆ ಇಂಥದ್ದೆಲ್ಲ ಹೊಳೆಯುತ್ತದೆ, ಅಲ್ವಾ? ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಜುಲೈಗೆ ದೆಹಲಿ. ಆಮೇಲೆ ಹಿಮಾಲಯದ ಕಡೆ ಟಿಬೆಟನ್ ನಿರಾಶ್ರಿತ ಮಕ್ಕಳ ಶಿಬಿರದಲ್ಲಿ ಕೆಲಸಕ್ಕೆ ನಿಂತರು. ರೋಗಿಯ ಪಕ್ಕ ಕೂತು ಪಳಗಿದ ಕೈ ಆಕೆಯದು. ಸುಮ್ನೆ ನೋಡಿಕೊಂಡು ಹೋಗಲು ಆಗಿರಲಿಕ್ಕಿಲ್ಲ.

ಮುಂದೆ ಇಥಿಯೋಪಿಯಾದ ಬೆಟ್ಟಗಳಲ್ಲಿ ಹೇಸರಗತ್ತೆ ಜೊತೆ ನಡೆದರು. ಮಗಳು ಹುಟ್ಟಿದ ಮೇಲೆ ಸುಮಾರು ಐದು ವರ್ಷ ದೂರದ ಪ್ರಯಾಣ ಬಿಟ್ಟರು. 1973ರಲ್ಲಿ ಆ ಪುಟ್ಟ ಮಗಳನ್ನು ಕರೆದುಕೊಂಡು ಮೊದಲು ಬಂದದ್ದು ನಮ್ಮ ದಕ್ಷಿಣ ಭಾರತಕ್ಕೆ, ಕೊಡಗಿಗೆ. ಆಮೇಲೆ ಕಾರಾಕೋರಂ ಬೆಟ್ಟಗಳ ನಡುವಿನ ಚಳಿಗಾಲದ ಬಾಲ್ಟಿಸ್ತಾನ, ಪೆರುವಿನ ಆಂಡೀಸ್ ಪರ್ವತ. ಎಲ್ಲಿಗೆ ಹೋದರೂ ತಿರುಗಿ ಲಿಸ್ಮೋರಿಗೇ ಬರುತ್ತಿದ್ದರು. 2022ರಲ್ಲಿ, 90ನೇ ವಯಸ್ಸಿನಲ್ಲಿ, ತೀರಿಕೊಂಡದ್ದೂ ಅಲ್ಲೇ.

ಅಮ್ಮ ಮಲಗಿದ ಮೇಲೆ ಮಗನ ಹಳೇ ಭೂಪಟ ಬಿಡಿಸುತ್ತೇನೆ, ಬೆರಳು ಹಿಮಾಚಲದ ಸ್ಪಿಟಿ ಕಣಿವೆಯ ಮೇಲೆ ನಿಲ್ಲುತ್ತದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ನನ್ನನ್ನು ಜಾಸ್ತಿ ಕಾಡಿದ್ದು ಆ ಸಾಲು. ಮನಾಲಿ ಕಡೆಯಿಂದ ಹೋದರೆ ಕುಂಜುಮ್ ಕಣಿವೆದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೇಲೆ ಸ್ಪಿಟಿಯ ಕಾಜಾ ಊರಿಗೆ ಹೋಗುವ ದಾರಿ ನಿಧಾನ. ಆದರೆ ಎತ್ತರಕ್ಕೆ ಮೈ ಒಗ್ಗಿಕೊಳ್ಳಲು ಅದೇ ಒಳ್ಳೆಯದು. ತಂಗಿ ನಿಮ್ಮ ಊರಲ್ಲೇ ಇದ್ದಾಳೆ ಅಂದಿರಲ್ಲ, ಒಂದು ಹದಿನೈದು ದಿನ ಬಂದು ಇರಲು ಅವಳನ್ನು ಕೇಳಿ ನೋಡಿ. ಅಮ್ಮನನ್ನೂ ಕೇಳಿ.

ನಿಮ್ಮ,
ಸಂಪಾದಕ